ಮಾಳಿಗಿಗೆ ಮಣ್ಣು

ಹುನಗುಂದ ಕಡೆಯ ಒಂದು ಹಳ್ಳಿಯ ಸಾಲೆಯಲ್ಲಿ, ಮುಟ್ಟು ನಿಂತ ಹೆಂಗಸರ ರಕ್ತ ತೆಗೆದು, ಹಿಮ್ಮಡಿಯ ಎಲುಬನ್ನು ಮಷೀನಿನಲ್ಲಿ ಅಳೆಯುತ್ತಿದ್ದೆ. ರಕ್ತದಲ್ಲಿರುವ ಬೆಳವಣಿಗೆಯ ಅಂಶಕ್ಕೂ ಎಲುಬಿನ ಸವೆತಕ್ಕೂ ಏನು ನಂಟು ಎಂದು ನೋಡುವ ಕೆಲಸ. ಇದನ್ನು ಹೇಳಿದಾಗ ಮೊದಲು ಕುಳಿತ ನೀಲವ್ವ ನಕ್ಕೇಬಿಟ್ಟಳು.

“ಮುಟ್ಟು ನಿಂತು ಹದಿನೈದು ವರ್ಷಾತು. ಇನ್ನೇನ್ ಬೆಳಿತೇನಿ ತಂಗಿ ನಾ?”

“ನೀವಲ್ರಿ ಯವ್ವಾ. ಎಲುಬು ದಿನಾ ಸವೀತಾವು, ದಿನಾ ತುಂಬ್ಕೋತಾವು. ತುಂಬಾಕ ಹಚ್ಚೋ ಅಂಶ ರಕ್ತದಾಗ ಇರ್ತೈತಿ. ವಯಸ್ಸಾದಂಗ ಅದು ಕಡಿಮಿ ಆಗ್ತೈತಿ.”

ಆಕೆ ಹಿಂದೆ ಅನುಮಾನಿಸುತ್ತ ನಿಂತವರತ್ತ ತಿರುಗಿದಳು. “ನಮ್ಮ ಮನಿ ಮ್ಯಾಲಿನ ಮಣ್ಣಿನ ಮಾಳಿಗಿ ಇದ್ದಂಗ ನೋಡ್ರವಾ. ಮಳಿ ಬಂದ್ರ ಮಣ್ಣು ಹರದು ಹೋಗತೈತಿ, ನಾವು ವರ್ಷಾ ವರ್ಷಾ ಹಾಕ್ತೀವಿ. ಹಾಕೋರ ಕೈ ಸೋತ್ರ ಮನಿ ಸೋರತೈತಿ. ಆ ಕೈ ಎಷ್ಟ ಸೋತಾವು ಅಂತ ನೋಡಾಕ ಬಂದಾಳ ಈಕಿ.”

ಸಾಲು ತಾನಾಗಿ ಮುಂದೆ ಸರಿಯಿತು. ತರಬೇತಿಯಲ್ಲಿ ಎರಡು ದಿನ ಹೇಳಿಕೊಟ್ಟದ್ದು ನನಗೂ ಆಗಲೇ ಅರ್ಥವಾಯಿತು.

ತೋಳಿಗೆ ಹತ್ತಿ ಒತ್ತಿಕೊಂಡು ಎದ್ದ ನೀಲವ್ವ ನನ್ನ ನರೆಗೂದಲು ನೋಡಿ ಕೇಳಿದಳು, “ನಿನ್ನ ಮಾಳಿಗಿ ಯಾರರ ನೋಡ್ಯಾರೇನ?”

ಯಾರೂ ನೋಡಿರಲಿಲ್ಲ. ನನ್ನ ಮುಟ್ಟು ನಿಂತೂ ನಾಲ್ಕು ವರ್ಷವಾಗಿತ್ತು.

“ಹಂಗಾರ ಇಡು ಕಾಲು.”

ಇಟ್ಟೆ. ಎಲುಬು ಸವೆಯತೊಡಗಿತ್ತು. ಸೋರುವ ಮೊದಲೇ ತಿಳಿಯಿತಲ್ಲ ಎಂದು, ಈಗ ದಿನಾ ಗುಳಿಗೆ ನುಂಗುವಾಗ ಆಕೆಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಂದಹಾಗೆ, ಆಕೆಯ ಎಲುಬು ನನ್ನದಕ್ಕಿಂತ ಗಟ್ಟಿಯಿತ್ತು. ಮಾಳಿಗಿಗೆ ವರ್ಷವರ್ಷವೂ ಮಣ್ಣು ಹೊತ್ತವಳಲ್ಲವೇ!