ಶಿಕ್ಕಾ ಇಲ್ಲದ ಹುಕುಂ

ಯುದ್ಧದ ಕಾಲ. ರೇಶನ್ ಕಾರ್ಡು ತಪಾಸಣೆಗೆ ಜೈನಾಪುರಕ್ಕೆ ಹೋಗಿದ್ದೆ. ವಾಲೀಕಾರನಾಗಿ ಜೀವಮಾನವೆಲ್ಲ ಮನೆಮನೆಗೆ ಸರಕಾರಿ ಕಾಗದ ಮುಟ್ಟಿಸಿದ್ದ ಮುದುಕನೊಬ್ಬ ಐದು ದಿನದಿಂದ ಊಟ ಬಿಟ್ಟಿದ್ದ.

ಅವನ ಮಗ ಕೈಮುಗಿದ. "ಸಾಹೇಬ್ರ, ಅಪ್ಪ ನಮ್ಮ ಮಾತು ಕೇಳವಲ್ಲ. ಸರಕಾರದ ಹುಕುಂ ಎಂದೂ ಮೀರಿಲ್ಲ. ಉಣ್ಣಬೇಕಂತ ಒಂದು ಹುಕುಂ ಬರದ ಕೊಡ್ರಿ."

ಬರೆದುಕೊಟ್ಟೆ. ಮುದುಕ ಕಾಗದವನ್ನು ಎರಡೂ ಕಡೆ ತಿರುಗಿಸಿ ಸರಕಾರಿ ಮುದ್ರೆ ಹುಡುಕಿದ.

"ಶಿಕ್ಕಾ ಹೊಡದಿಲ್ಲರಿ. ಇಂಥಾ ಹುಕುಂ ನಾ ಯಾರ ಮನಿಗೂ ಮುಟ್ಟಿಸಿಲ್ಲ."

"ಉಣ್ಣಾಕ ಏನು ತ್ರಾಸು, ಅಜ್ಜಾ?"

"ತ್ರಾಸಿಲ್ಲರಿ. ಎಂಬತ್ತು ವರ್ಷ ಉಂಡೇನಿ, ಸಾಕಾಗೈತಿ. ಹೋಗಾಂವ ನಾನು. ಯಾವಾಗ ಅನ್ನೂದು ನನಗ ಬಿಡ್ರಿ."

ಕಾಗದ ನನ್ನ ಕೈಗೇ ಕೊಟ್ಟು ಸೊಸೆಯನ್ನು ಕೂಗಿದ: "ಸಾಹೇಬ್ರು ಬಿಸಲಾಗ ಬಂದಾರ, ಊಟಕ್ಕ ನೀಡವಾ."

ಎದುರಿಗೆ ಕೂತು ನನಗೆ ಮೂರನೆಯ ರೊಟ್ಟಿಯನ್ನೂ ಹಾಕಿಸಿದ. ನಾನು ಬರೆದ ಹುಕುಂ ಪಾಲಿಸಿದವನು ನಾನೊಬ್ಬನೇ.