ಅಟ್ಟೂರಿನ ಮನೆಯಲ್ಲಿ ಸುಟ್ಟುಹೋದ ಸ್ಪೀಕರುಗಳು

ಕೊರೊನಾ ಮುಗಿದು ಮದುವೆ ಛತ್ರಗಳಲ್ಲಿ ವಾದ್ಯಗೋಷ್ಠಿಗಳು ಮತ್ತೆ ಶುರುವಾಗಿದ್ದ ವರ್ಷ ಅದು. ನಾನು ಆಗ ಆರ್.ಟಿ. ನಗರದ ಒಂದು ಆಡಿಯೊ ಸರ್ವಿಸ್ ಸೆಂಟರಿನಲ್ಲಿ ಹಿರಿಯ ಟೆಕ್ನೀಷಿಯನ್. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಾಗಿನಿಂದ ಆಂಪ್ಲಿಫೈಯರ್, ಸ್ಪೀಕರುಗಳ ರಿಪೇರಿಯಲ್ಲೇ ತಲೆ ನರೆತಿತ್ತು. ಹೆಂಗಸಿನ ಕೈಯಲ್ಲಿ ಸಾಲ್ಡರಿಂಗ್ ಐರನ್ ಕಂಡು ‘ಮೆಕ್ಯಾನಿಕ್ ಇಲ್ವಾ?’ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದೆ.

ಗೋಪಿನಾಥ್ ಹಾಗೆ ಕೇಳಲಿಲ್ಲ. ಸೊಂಟದೆತ್ತರದ ಸ್ಟೀರಿಯೊ ಸ್ಪೀಕರೊಂದನ್ನು ತಬ್ಬಿಕೊಂಡು ಆಟೋದಿಂದ ಇಳಿದು ನೇರ ನನ್ನ ಮೇಜಿನ ಬಳಿಗೇ ಬಂದರು. ತಗ್ಗು ಸ್ವರಗಳಿಗಾಗಿ ಇರುವ ದೊಡ್ಡ ಸ್ಪೀಕರನ್ನು ನಾವು ವೂಫರ್ ಎನ್ನುತ್ತೇವೆ. ಅದರ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಬಟ್ಟಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗೆ ಮರಳು ಉಜ್ಜಿದಂತೆ ಸದ್ದಾಯಿತು. ಕೋನಿಗೆ ಅಂಟಿರುವ ತಾಮ್ರದ ಕಾಯಿಲ್ ಜಾಗ ತಪ್ಪಿ ಮ್ಯಾಗ್ನೆಟ್ಟಿಗೆ ತಿಕ್ಕುತ್ತಿತ್ತು.

“ಇದಕ್ಕೆ ಏನ್ ಕನೆಕ್ಟ್ ಮಾಡಿದ್ರಿ ಸರ್?”

“ಬೇಸ್ ಗಿಟಾರ್, ಮೇಡಂ. ಆರ್ಕೆಸ್ಟ್ರಾದಲ್ಲಿ ನುಡಿಸ್ತೀನಿ. ಅಲ್ಲಾದ್ರೆ ಸೌಂಡಿನವರ ಮಿಕ್ಸರ್‌ಗೇ ವೈರ್ ಚುಚ್ತೀವಿ. ಮನೇಲಿ ಇರೋದು ಇದೊಂದೇ.”

ಮನೆಯ ಸ್ಪೀಕರ್ ಯಾಕೆ ಈ ಕೆಲಸಕ್ಕೆ ಆಗಿಬರುವುದಿಲ್ಲ ಎಂದು ವಿವರಿಸಿದೆ. ರೆಕಾರ್ಡ್ ಆದ ಹಾಡಿನಲ್ಲಿ ಸದ್ದಿನ ಏರಿಳಿತಗಳನ್ನು ಸ್ಟುಡಿಯೊದವರು ಮೊದಲೇ ಹದ ಮಾಡಿರುತ್ತಾರೆ. ಬೆರಳಿನಿಂದ ಮೀಟಿದ ಬೇಸ್ ತಂತಿಗೆ ಅಂಥ ಹದವಿಲ್ಲ. ಅದರ ಮೊದಲ ಏಟು ಹಸಿಯಾಗಿ, ಒಮ್ಮೆಲೇ ಬಂದು ಬೀಳುತ್ತದೆ. ಸಾಲದ್ದಕ್ಕೆ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ನಲವತ್ತೊಂದು ಸಲ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರವನ್ನು ಗಟ್ಟಿಯಾಗಿ ಹೊರಡಿಸಲು ಚಿಕ್ಕ ಕೋನ್ ತನ್ನ ಮಿತಿ ಮೀರಿ ಹಿಂದೆ ಮುಂದೆ ಜಿಗಿಯಬೇಕಾಗುತ್ತದೆ. “ಪ್ರ್ಯಾಕ್ಟೀಸ್‌ಗೆ ಸಣ್ಣಗೆ ಇಟ್ಕೊಳ್ಳಿ, ತೊಂದ್ರೆ ಇಲ್ಲ. ವಾಲ್ಯೂಮ್ ಮಾತ್ರ ಏರಿಸ್ಬೇಡಿ,” ಎಂದೆ. ತಲೆಯಾಡಿಸಿ ಹೋದರು.

ತಿಂಗಳು ತುಂಬುವುದರೊಳಗೆ ಜೋಡಿಯ ಇನ್ನೊಂದು ಸ್ಪೀಕರ್ ಹೊತ್ತು ತಂದರು. ಈ ಸಲ ಬಿಚ್ಚುತ್ತಿದ್ದಂತೆಯೇ ಸುಟ್ಟ ವಾಸನೆ ಬಂತು. ಕಾಯಿಲ್ ಕಪ್ಪಗೆ ಕರಕಲಾಗಿತ್ತು. ಆಂಪ್ಲಿಫೈಯರಿನ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಅದರ ಶಕ್ತಿ ಮೀರಿ ದುಡಿಸಿದ್ದರು. ನನಗೆ ಸಿಟ್ಟು ಬಂತು.

“ನಾನು ಅಷ್ಟು ಹೇಳಿ ಕಳಿಸಿದ್ದೆ. ಇಷ್ಟು ಜೋರು ಯಾರಿಗೆ ಬೇಕಾಗಿತ್ತು?”

“ನನ್ನ ಹೆಂಡ್ತಿಗೆ ಮೇಡಂ,” ಎಂದರು. “ಅವಳಿಗೆ ಕೇಳಿಸ್ತಾ ಇಲ್ಲ.”

ಅವರ ಹೆಂಡತಿ ರೇವತಿ ಅದೇ ತಂಡದ ಗಾಯಕಿ. ಮದುವೆಯಾದಾಗಿನಿಂದ ಇಬ್ಬರೂ ಒಂದೇ ವೇದಿಕೆಯಲ್ಲಿದ್ದವರು. ಒಳಕಿವಿಯ ಕಾಯಿಲೆಯೊಂದು ಆಕೆಯ ಶ್ರವಣವನ್ನು ಎತ್ತರದ ಸ್ವರಗಳಿಂದ ಶುರುಮಾಡಿ ಕೆಳಕ್ಕೆ ತಿನ್ನುತ್ತ ಬಂದಿತ್ತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಬಳೆಯ ಸದ್ದು ಹೋಯಿತು, ಆಮೇಲೆ ಕೊಳಲು, ಕೀಬೋರ್ಡು. ಚಿಕ್ಕಜಾಲದ ಒಂದು ರಿಸೆಪ್ಷನ್ನಿನಲ್ಲಿ ವಾದ್ಯಗಳು ನಿಂತಮೇಲೂ ಆಕೆ ಹಾಡುತ್ತಲೇ ಇದ್ದರಂತೆ. ಮುಂದಿನ ಕಾರ್ಯಕ್ರಮಕ್ಕೆ ತಂಡದವರು ಕರೆಯಲಿಲ್ಲ. ಕಿವಿಗೆ ಹಾಕುವ ಯಂತ್ರದಲ್ಲಿ ಸದ್ದು ದೊಡ್ಡದಾಯಿತೇ ಹೊರತು ಸ್ವರ ಸ್ಪಷ್ಟವಾಗಲಿಲ್ಲ. ಆಪರೇಷನ್ ಮಾಡಿ ಒಳಗೆ ಉಪಕರಣ ಇಟ್ಟರೆ ಮಾತು ತಿಳಿಯಬಹುದು, ಸಂಗೀತ ಮೊದಲಿನ ಹಾಗೆ ಕೇಳಿಸುತ್ತದೆಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ರೇವತಿ ಅದಕ್ಕೆ ಒಪ್ಪಿರಲಿಲ್ಲ. ಉಳಿದಿದ್ದದ್ದು ತೀರ ತಗ್ಗಿನ ಸ್ವರಗಳು. ಅಂದರೆ ಗಂಡನ ಬೇಸ್ ಗಿಟಾರು.

ಆ ಭಾನುವಾರ ನಾನೇ ಅಟ್ಟೂರಿನ ಅವರ ಮನೆಗೆ ಹೋದೆ. ರಿಪೇರಿಯಾದ ಸ್ಪೀಕರಿಗೆ ಬೆನ್ನು ಒತ್ತಿಕೊಂಡು ರೇವತಿ ಮಣೆಯ ಮೇಲೆ ಕುಳಿತರು. ಗೋಪಿನಾಥ್ ಮೀಟಿದರು. ಆಕೆ ಕಣ್ಣು ಮುಚ್ಚಿ, ಹುಡುಕುವವರಂತೆ ಕತ್ತು ವಾಲಿಸಿ, ಹಳೆಯ ಸಿನಿಮಾ ಹಾಡೊಂದನ್ನು ಎತ್ತಿಕೊಂಡರು. ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಹಾಡು ಮುಗಿಸಿ ನನ್ನ ತುಟಿ ನೋಡುತ್ತ, “ಸರಿ ಇತ್ತಾ?” ಎಂದು ಕೇಳಿದರು. ನಾನು ಜೋರಾಗಿ ತಲೆಯಾಡಿಸಿದೆ. “ಇವರ ಬೇಸ್ ಇದ್ರೆ ನನಗೆ ನೆಲ ಸಿಕ್ಕಿದ ಹಾಗೆ ಕಣ್ರೀ. ಆದ್ರೆ ದಿನಾ ಸ್ವಲ್ಪ ಸ್ವಲ್ಪ ದೂರ ಹೋಗ್ತಾ ಇದೆ,” ಎಂದರು.

ವರ್ಕ್‌ಶಾಪಿಗೆ ಮರಳಿ ದಾರಿ ಹುಡುಕಿದೆ. ಇಂಥ ಸ್ಪೀಕರನ್ನು ಕಾಪಾಡಲು ನಮ್ಮಲ್ಲಿ ಒಂದು ಸುಲಭದ ಉಪಾಯವಿದೆ. ಹೈ ಪಾಸ್ ಫಿಲ್ಟರ್ ಹಾಕಿ ತೀರ ತಗ್ಗಿನ ಸ್ವರಗಳನ್ನು ತಡೆದುಬಿಡುವುದು. ಸ್ಪೀಕರ್ ಉಳಿಯುತ್ತದೆ. ಆದರೆ ಆಕೆಗೆ ಬೇಕಾಗಿದ್ದದ್ದು ಆ ಸ್ವರಗಳೇ. ಹಾಗಾಗಿ ಮನೆಯ ಸ್ಪೀಕರಿನ ಆಸೆ ಬಿಟ್ಟು, ಹದಿನೈದು ಇಂಚಿನ ಬೇಸ್ ಸ್ಪೀಕರ್ ಹಾಕಿ ಹೊಸ ಕ್ಯಾಬಿನೆಟ್ಟನ್ನೇ ಕಟ್ಟುವುದೆಂದು ನಿರ್ಧರಿಸಿದೆ. ನಾಗಸಂದ್ರದ ಬಡಗಿಯೊಬ್ಬರು ನನ್ನ ಅಳತೆಗೆ ಪ್ಲೈವುಡ್ ಕೊಯ್ದು ಕೊಟ್ಟರು. ಅವರ ಕೈಯಲ್ಲಿ ಬೇರೆ ಕೆಲಸಗಳಿದ್ದವು, ತಡವಾಯಿತು. ಗೋಪಿನಾಥ್ ದಿನವೂ ಫೋನ್ ಮಾಡುತ್ತಿದ್ದರು. “ಅರ್ಜೆಂಟ್ ಮಾಡ್ತಿದೀನಿ ಅಂದ್ಕೋಬೇಡಿ ಮೇಡಂ,” ಎನ್ನುತ್ತಿದ್ದರು. ಅರ್ಜೆಂಟ್ ಏನೆಂದು ಇಬ್ಬರಿಗೂ ಗೊತ್ತಿತ್ತು.

ಕ್ಯಾಬಿನೆಟ್ ಅಟ್ಟೂರಿಗೆ ಹೋದದ್ದು ಒಂದು ಬೆಳಗ್ಗೆ. ರೇವತಿ ಮಲ್ಲಿಗೆ ಮುಡಿದು, ವೇದಿಕೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟಿದ್ದರು. ವೈರುಗಳನ್ನು ಜೋಡಿಸಿ ಕೊಟ್ಟೆ. ಗೋಪಿನಾಥ್ ದಪ್ಪ ತಂತಿಯನ್ನು ಮೀಟಿದರು. ಕಿಟಕಿಯ ಗಾಜು ಅದುರಿತು. ಶೋಕೇಸಿನ ಸ್ಟೀಲ್ ಲೋಟಗಳು ಕಿಣಿಕಿಣಿ ಎಂದವು. ಸದ್ದು ದಪ್ಪಗೆ, ಸ್ವಚ್ಛವಾಗಿ, ಎಲ್ಲೂ ಒಡೆಯದೆ ಬರುತ್ತಿತ್ತು. ಅಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಅದಕ್ಕೆ ಮೊದಲು ಆಗಿರಲಿಲ್ಲ.

ಕ್ಯಾಬಿನೆಟ್ಟಿಗೆ ಬೆನ್ನು ಮಾಡಿ ತುಸು ಮುಂದೆ ಕುಳಿತಿದ್ದ ರೇವತಿ ಗಂಡನತ್ತ ನೋಡಿ ಕೇಳಿದರು, “ಶುರು ಮಾಡಿದ್ರಾ?”

ಗೋಪಿನಾಥರ ಬೆರಳು ನಿಲ್ಲಲಿಲ್ಲ. ತಲೆಯಾಡಿಸಿದರು. ಆಕೆ ತಿರುಗಿ ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟರು. ಅದುರಿಕೆ ಸಿಕ್ಕಿರಬೇಕು, ಮುಖ ಅರಳಿತು. ಕಣ್ಣು ಮುಚ್ಚಿ ಹಾಡತೊಡಗಿದರು. ತಾಳ ಸರಿಯಾಗಿತ್ತು. ಶ್ರುತಿ ಅರ್ಧ ಸ್ವರ ಕೆಳಗಿತ್ತು.

ಆಗ ಗೋಪಿನಾಥ್ ಮಾಡಿದ್ದನ್ನು ನಾನು ಮರೆಯಲಾರೆ. ಎಡಗೈಯನ್ನು ಗಿಟಾರಿನ ಮೇಲೆ ಒಂದು ಮನೆ, ಅಂದರೆ ಅರ್ಧ ಸ್ವರದಷ್ಟು, ಹಿಂದಕ್ಕೆ ಜಾರಿಸಿ, ಆಕೆ ಇದ್ದ ಶ್ರುತಿಗೇ ಹೋಗಿ ಸೇರಿಕೊಂಡರು. ಎರಡನೇ ಸಾಲಿಗೆ ಆಕೆ ಮತ್ತೆ ಜಾರಿದರು. ಅವರೂ ಜಾರಿದರು. ಚರಣ ಬರುವಷ್ಟರಲ್ಲಿ ಹಾಡು ಎಲ್ಲಿಗೋ ಬಂದಿತ್ತು, ಅವರು ಹಿಂದೆ ಹಿಂದೆಯೇ ಹೋಗುತ್ತಿದ್ದರು. ಆಕೆ ಕಣ್ಣು ತೆರೆದು ಇತ್ತ ತಿರುಗಿದ್ದು ಆಗಲೇ. ನೋಟ ಗಂಡನ ಮುಖದ ಮೇಲೆ ನಿಲ್ಲಲಿಲ್ಲ, ಎಡಗೈಗೆ ಹೋಯಿತು. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಿದ ಕೈ ಅದು. ಹಾಡು ನಿಂತಿತು.

“ನೀವು ನನ್ನ ಹಿಂದೆ ಬರ್ತಿದೀರ,” ಎಂದರು. “ಯಾವತ್ತೂ ಹಂಗೆ ನುಡಿಸಿದವರಲ್ಲ ನೀವು.”

ಆಕೆ ಎದ್ದು, “ಮೇಡಂಗೆ ಕಾಫಿ ತರ್ತೀನಿ,” ಎಂದು ಒಳಗೆ ಹೋದರು. ಗೋಪಿನಾಥ್ ಗಿಟಾರನ್ನು ಇಳಿಸದೆ ನನ್ನ ಕಡೆ ತಿರುಗಿದರು.

“ಮೇಡಂ, ಕನೆಕ್ಷನ್ ಇನ್ನೊಂದ್ಸಲ ನೋಡಿ. ಎಲ್ಲೋ ಲೂಸ್ ಇರ್ಬಹುದು. ನೋಡಿ ಮೇಡಂ.”

ಗೊತ್ತಿದ್ದೂ ನೋಡಿದೆ. ಒಂದೊಂದೇ ವೈರನ್ನು ಕಿತ್ತು ಮತ್ತೆ ಹಾಕಿದೆ. ಮೀಟರ್ ಇಟ್ಟು ಅಳೆದೆ. ಅವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಮೀಟರಿನ ಅಂಕಿಗಳನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಹೇಳಲೇಬೇಕಾಯಿತು. “ಎಲ್ಲಾ ಸರಿ ಇದೆ, ಗೋಪಿಯವರೇ.” ಅವರು ಹಣೆಯನ್ನು ಕ್ಯಾಬಿನೆಟ್ಟಿಗೆ ಆನಿಸಿದರು. ಒಳಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ಗುಟ್ಟುವುದು ನಮಗಿಬ್ಬರಿಗೂ ಕೇಳುತ್ತಿತ್ತು.

ರೇವತಿ ಆಮೇಲೆ ಹಾಡಲಿಲ್ಲ. ಆಪರೇಷನ್ನಿಗೂ ಹೋಗಲಿಲ್ಲ. ಗೋಪಿನಾಥ್ ಆರ್ಕೆಸ್ಟ್ರಾದಲ್ಲಿ ಮುಂದುವರಿದರು, ಮನೆಯಲ್ಲಿ ಮಾತ್ರ ಗಿಟಾರ್ ಮುಟ್ಟುವುದಿಲ್ಲ ಎಂದು ಕೇಳಿದೆ.

ನಮ್ಮ ವೃತ್ತಿಯಲ್ಲಿ ಸದ್ದು ಬಾರದಿದ್ದರೆ ಸಿಗ್ನಲ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕುತ್ತೇವೆ. ಸ್ಪೀಕರ್ ದಾಟಿತೆಂದರೆ ನಮ್ಮ ಕೆಲಸ ಮುಗಿಯಿತು. ‘ಸರಿ ಇದೆ’ ಎನ್ನುವುದು ಗ್ರಾಹಕರಿಗೆ ಹೇಳಬಹುದಾದ ಅತ್ಯಂತ ಒಳ್ಳೆಯ ಸುದ್ದಿ ಎಂದೇ ನಾನು ತಿಳಿದಿದ್ದೆ. ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು ಎಂಬ ಮಾತಿನ ಬೆಲೆ ಅಟ್ಟೂರಿನಲ್ಲಿ ತಿಳಿಯಿತು. ನಿವೃತ್ತಿಯಾಗುವವರೆಗೂ, ಆ ಎರಡು ಪದಗಳನ್ನು ಹೇಳುವ ಮೊದಲು ನಾನು ಎದುರಿಗಿದ್ದವರ ಮುಖವನ್ನೊಮ್ಮೆ ನೋಡುತ್ತಿದ್ದೆ.