ನೀಲಿ ಪಾದ

ಹೌದು ಮಾರಾಯ್ರೆ, ಫಾದರ್ ತುಟಿ ನೀಲಿ ಆದದ್ದು ನನ್ನಿಂದಲೇ. ಇನ್ನೆಷ್ಟು ಜನಕ್ಕೆ ಹೇಳೋದು? ಈಸ್ಟರ್ ಮುಂಚಿನ ಗುರುವಾರ ನಮ್ಮ ವಡೋದರಾದ ಚರ್ಚಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆದು, ಒರೆಸಿ, ಮುತ್ತು ಕೊಡ್ತಾರೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಕಾಲು ಕೊಡುವವರೆಲ್ಲ ಮನೆಯಲ್ಲೇ ಸೋಪು ಹಾಕಿ ತೊಳೆದುಕೊಂಡು ಬರ್ತಾರೆ. ಫಾದರಿಗೆ ನಿಜವಾಗಿ ತೊಳೆಯುವ ಕೆಲಸ ಬೀಳಬಾರದಲ್ಲ.

ಈ ಸಲ ಆ ಹನ್ನೆರಡರಲ್ಲಿ ನಾನೂ ಒಬ್ಬ. ಅವತ್ತು ನರೋಡಾದ ಒಂದು ಬಣ್ಣದ ಪುಡಿ ಫ್ಯಾಕ್ಟರಿಯಲ್ಲಿ ಇನ್ಶೂರೆನ್ಸ್ ತಪಾಸಣೆ ಮುಗಿಸಿ, ರೈಲಿಳಿದು ಸೀದಾ ಚರ್ಚಿಗೆ ಹೋದೆ. ಸಾಕ್ಸ್ ತೆಗೆದಾಗ ಕಾಲಲ್ಲಿ ಬರೀ ಧೂಳು ಕಂಡಿತು. ಫಾದರ್ ನೀರು ಹೊಯ್ದರು. ಧೂಳು ನೀಲಿಯಾಯ್ತು.

ಅವರು ಉಜ್ಜಿದರು. ಟವೆಲೂ ನೀಲಿಯಾಯ್ತು.

"ಅಂಕಲ್, ಇದು ಹೋಗ್ತಾನೇ ಇಲ್ಲ" ಅಂತ ಹಿಂದಿಯಲ್ಲಿ ಪಿಸುಗುಟ್ಟಿದರು. ಚಿಕ್ಕ ಪ್ರಾಯದ ಫಾದರ್, ಪಾಪ.

"ಸಾಕು ಬಿಡಿ ಫಾದರ್, ಮುತ್ತು ಬೇಡ."

"ಯೇಸು ಕಾಲು ತೊಳೆಯಲು ಬಂದಾಗ ಪೇತ್ರನೂ ಹೀಗೇ ಬೇಡ ಅಂದಿದ್ದ" ಅಂತ ಹೇಳಿ ಮುತ್ತು ಕೊಟ್ಟೇಬಿಟ್ಟರು. ಉಳಿದ ಪೂಜೆಯೆಲ್ಲ ನೀಲಿ ತುಟಿಯಲ್ಲೇ ನಡೆಯಿತು. ಆಮೇಲೆ ಜನ ಅವರ ದೀನತೆಯನ್ನು ಹೊಗಳಿದರು. ನನ್ನ ಕಾಲನ್ನು ಮಾತ್ರ ದುರುಗುಟ್ಟಿ ನೋಡಿದರು.

ಮನೆಗೆ ಬಂದು ಹೆಂಡತಿಗೆ, "ಫಾದರ್ ತುಟಿಯ ಬಣ್ಣ ಹೋಗ್ತದೋ ಇಲ್ವೋ" ಅಂದೆ.

ಅವಳು ನನ್ನ ಸಾಕ್ಸನ್ನು ಬಕೆಟ್ಟಿನಲ್ಲಿ ಉಜ್ಜುತ್ತಾ ಇದ್ದಳು. ಬೆರಳು ಎತ್ತಿ ತೋರಿಸಿದಳು. ಉಗುರಿನ ಸಂದಿಯೆಲ್ಲ ಹಳೇ ನೀಲಿ.

"ಅವರದ್ದು ಹೋಗ್ತದೆ ಬಿಡಿ. ನನ್ನದು ಹೋಗುವಷ್ಟರಲ್ಲಿ ನೀವು ಮತ್ತೆ ನರೋಡಾಕ್ಕೆ ಹೋಗಿ ಬಂದಿರ್ತೀರಿ."